ಚೆನ್ನಾಗಿ ಶುರು ಮಾಡುವವರು ಬೇಕಾದಷ್ಟು, ಮುಗಿಸುವವರು ಎಲ್ಲಿ? ಇತ್ತೀಚಿನ ಸಿನಿಮಾ, ಸರಣಿಗಳ ಬಗ್ಗೆ ನೇರ ಮಾತು

ಕಡೇಸಾಲು

ಕಳೆದ ಕೆಲವು ವರ್ಷಗಳಲ್ಲಿ ಬಂದ ಸಿನಿಮಾ, ಸರಣಿಗಳ ಬಗ್ಗೆ ಮನಸ್ಸಿನಲ್ಲಿ ಇದ್ದದ್ದನ್ನು ಹಾಗೇ ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳೂ ಬರುತ್ತವೆ. ನೋಡದವರು ಆ ಭಾಗ ಹಾರಿಸಿ ಮುಂದೆ ಹೋಗಿ.

ನನ್ನ ತಕರಾರು ಒಂದೇ. ಚೆನ್ನಾಗಿ ಶುರು ಮಾಡುವವರು ಈಗ ಬೇಕಾದಷ್ಟು ಜನ ಇದ್ದಾರೆ. ಮುಗಿಸಲು ಬರುವವರು ತುಂಬಾ ಕಡಿಮೆ. ಮೊದಲ ಕಂತು ನೋಡಿದಾಗ ಮೈ ಜುಂ ಎನ್ನುತ್ತದೆ. ಐದನೆಯದಕ್ಕೆ ಬರುವಷ್ಟರಲ್ಲಿ ಕಥೆ ಇದ್ದಲ್ಲೇ ಸುತ್ತುತ್ತಿರುತ್ತದೆ. ಕೊನೆಯ ಕಂತಿನಲ್ಲಿ ಏನೂ ಇತ್ಯರ್ಥ ಆಗುವುದಿಲ್ಲ, ಮುಂದಿನ ಸೀಸನ್‌ಗೆ ಕಾಯಿರಿ ಎನ್ನುತ್ತಾರೆ. ಆ ಸೀಸನ್ ಬರುವ ಹೊತ್ತಿಗೆ ಅರ್ಧ ಪಾತ್ರಗಳ ಹೆಸರು ಮರೆತುಹೋಗಿರುತ್ತದೆ.

ಮೊದಲು ಮನಸಾರೆ ಹೊಗಳಬೇಕಾದದ್ದನ್ನು ಹೇಳಿಬಿಡುತ್ತೇನೆ. 'ಅಡಾಲಸೆನ್ಸ್'. 2025ರ ಮಾರ್ಚ್‌ನಲ್ಲಿ ಬಂತು. ನಾಲ್ಕೇ ಕಂತು. ಪ್ರತಿ ಕಂತನ್ನೂ ಎಲ್ಲೂ ಕಟ್ ಮಾಡದೆ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ. ಎಲ್ಲರೂ ಅದನ್ನೇ ಹೊಗಳಿದರು. ನನಗೆ ಅದಕ್ಕಿಂತ ದೊಡ್ಡದು ಅನ್ನಿಸಿದ್ದು ಬರವಣಿಗೆಯ ಧೈರ್ಯ. ಹದಿಮೂರು ವರ್ಷದ ಹುಡುಗನನ್ನು ಕೊಲೆ ಆರೋಪದ ಮೇಲೆ ಪೊಲೀಸರು ಎಳೆದುಕೊಂಡು ಹೋಗುತ್ತಾರೆ. ಬೇರೆ ಯಾರಾದರೂ ಆಗಿದ್ದರೆ ಇವನೇ ಮಾಡಿದನೋ ಇಲ್ಲವೋ ಎಂಬ ಅನುಮಾನವನ್ನು ಎಂಟು ಕಂತು ಎಳೆಯುತ್ತಿದ್ದರು. ಇಲ್ಲಿ ಮೊದಲ ಕಂತಿನ ಕೊನೆಗೇ ಸಿಸಿಟಿವಿ ದೃಶ್ಯ ತೋರಿಸಿ ಆ ಪ್ರಶ್ನೆಗೆ ತೆರೆ ಎಳೆಯುತ್ತಾರೆ. ಉಳಿದ ಮೂರು ಕಂತು 'ಯಾಕೆ' ಅನ್ನುವುದರ ಸುತ್ತ. ಅದಕ್ಕೂ ಸಿದ್ಧ ಉತ್ತರ ಕೊಡುವುದಿಲ್ಲ.

ಮೂರನೇ ಕಂತಿನಲ್ಲಿ ಒಂದು ಕೋಣೆ, ಹುಡುಗ, ಒಬ್ಬ ಮನಃಶಾಸ್ತ್ರಜ್ಞೆ. ಹೆಚ್ಚುಕಡಿಮೆ ಅಷ್ಟೇ. ಅವಳು ಅವನಿಗೆ ಅರ್ಧ ಸ್ಯಾಂಡ್‌ವಿಚ್ ಕೊಡುತ್ತಾಳೆ. ಅವನು ನಗುತ್ತಾನೆ, ಹಲ್ಲು ಕಡಿಯುತ್ತಾನೆ, ಎದ್ದು ನಿಂತು ಹೆದರಿಸುತ್ತಾನೆ, ಮತ್ತೆ ಮಗುವಾಗುತ್ತಾನೆ. ಓವನ್ ಕೂಪರ್ ಎಂಬ ಆ ಹುಡುಗ ಕ್ಯಾಮೆರಾ ಮುಂದೆ ಮೊದಲು ನಿಂತದ್ದೇ ಈ ಕಂತಿಗೆ. ಆಮೇಲೆ ಹದಿನೈದನೇ ವಯಸ್ಸಿಗೆ ಎಮ್ಮಿ ಎಂಬ ಟಿವಿ ಪ್ರಶಸ್ತಿ ಗೆದ್ದ. ನಟನೆಗೆ ಆ ಪ್ರಶಸ್ತಿ ಪಡೆದ ಹುಡುಗರಲ್ಲಿ ಅವನೇ ಅತಿ ಚಿಕ್ಕವನು. ಮನಃಶಾಸ್ತ್ರಜ್ಞೆಯ ಪಾತ್ರದ ಎರಿನ್ ಡೊಹರ್ಟಿ ಅವನಿಗಿಂತ ಒಂದು ಗುಲಗಂಜಿ ಜಾಸ್ತಿಯೇ. ಅವನು ಕೋಣೆಯಿಂದ ಹೋದ ಮೇಲೆ ಅವಳು ಒಬ್ಬಳೇ ಉಸಿರು ಹಿಡಿದುಕೊಳ್ಳುವ ಆ ಕ್ಷಣಗಳನ್ನು ನೋಡಿ. ಅಲ್ಲಿ ಒಂದು ಮಾತೂ ಇಲ್ಲ.

ಈಗ ಬೇಸರದ ಕಡೆಗೆ. ಸಾಲಗಾರರನ್ನು ಹಣದ ಆಸೆಗೆ ಸಾವಿನ ಆಟ ಆಡಿಸುವ 'ಸ್ಕ್ವಿಡ್ ಗೇಮ್' 2021ರಲ್ಲಿ ಬಂದಾಗ ಒಂಬತ್ತು ಕಂತಿನಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿತ್ತು. ಸಾಲಗಾರರ ಅವಮಾನ, ಹಣವಂತರ ಮೋಜು, ಗೆದ್ದ ಮೇಲೂ ಗೆದ್ದವನಿಗೆ ನೆಮ್ಮದಿ ಇಲ್ಲದ್ದು, ಎಲ್ಲವೂ ಬಂದಿತ್ತು. ನಂತರ 2024ರ ಡಿಸೆಂಬರ್‌ನಲ್ಲಿ ಏಳು ಕಂತು, 2025ರ ಜೂನ್‌ನಲ್ಲಿ ಆರು ಕಂತು. ಎರಡನೇ ಸೀಸನ್ ದಂಗೆಯ ನಟ್ಟನಡುವೆ ನಿಂತುಬಿಡುತ್ತದೆ. ಅದನ್ನು ಸೀಸನ್ ಅಂತ ಕರೆಯಲು ನನಗೆ ಮನಸ್ಸಿಲ್ಲ, ಅರ್ಧಕ್ಕೆ ಹರಿದ ಪುಸ್ತಕ ಅದು. ಮೂರನೆಯದರಲ್ಲಿ ಕೈಗೂಸನ್ನೇ ಆಟಗಾರನನ್ನಾಗಿ ಮಾಡುತ್ತಾರೆ. ನೋಡುವವರ ಕರುಳು ಹಿಂಡಲು ಬೇರೆ ದಾರಿ ಉಳಿದಿರಲಿಲ್ಲ ಅಂತಲೇ ನನಗೆ ಅನ್ನಿಸಿತು. ಕೊನೆಗೆ ನಾಯಕ ಗಿ-ಹುನ್ ಪ್ರಾಣ ಬಿಟ್ಟಾಗ ನನಗೆ ದುಃಖ ಆಗಬೇಕಿತ್ತು. ಸುಸ್ತಾಗಿತ್ತು ಅಷ್ಟೇ.

'ದಿ ಬೇರ್' ವಿಷಯದಲ್ಲಿ ನನಗೆ ನಿಜವಾಗಿಯೂ ನೋವಿದೆ, ಯಾಕೆಂದರೆ ಎರಡನೇ ಸೀಸನ್ ಅಷ್ಟು ಇಷ್ಟವಾಗಿತ್ತು. ಯಾರಿಗೂ ಬೇಡವಾದ ರಿಚಿ ಒಂದು ದೊಡ್ಡ ರೆಸ್ಟೋರೆಂಟಿನಲ್ಲಿ ಫೋರ್ಕ್ ಒರೆಸುತ್ತಾ ಒರೆಸುತ್ತಾ ಮನುಷ್ಯನಾಗುವ ಆ ಒಂದು ಕಂತು ಸಾಕು, ಇಡೀ ಸರಣಿಗೆ ಕೈಮುಗಿಯಬಹುದು. ಮೂರನೇ ಸೀಸನ್ 2024ರಲ್ಲಿ ಬಂತು. ನೋಡಲು ಸುಂದರವಾಗಿದೆ. ಆದರೆ ಯಾರೂ ಎಲ್ಲಿಗೂ ಹೋಗುವುದಿಲ್ಲ. ಹಳೇ ನೆನಪು, ಸಂಗೀತ, ಮುಖದ ಹತ್ತಿರದ ಶಾಟ್, ಮತ್ತೆ ಹಳೇ ನೆನಪು. ಕೊನೆಯಲ್ಲಿ 'ಮುಂದುವರಿಯುವುದು' ಅಂತ ಬೋರ್ಡ್. ಹತ್ತು ಕಂತು ಕೊಟ್ಟ ನೋಡುಗರಿಗೆ ಒಂದು ತೀರ್ಮಾನವನ್ನಾದರೂ ಕೊಡಬಹುದಿತ್ತು ಅಲ್ವಾ?

ಇದಕ್ಕೆ ತದ್ವಿರುದ್ಧ ಉದಾಹರಣೆ 'ಸ್ಲೋ ಹಾರ್ಸಸ್'. ಸೀಸನ್‌ಗೆ ಆರೇ ಕಂತು. ಒಂದು ಸೀಸನ್‌ಗೆ ಮಿಕ್ ಹೆರನ್ ಬರೆದ ಒಂದು ಕಾದಂಬರಿ. 2022ರಿಂದ 2025ರೊಳಗೆ ಐದು ಸೀಸನ್ ಬಂದಿವೆ. ಕೆಲಸ ಕೆಡಿಸಿಕೊಂಡ ಗೂಢಚಾರರನ್ನು ತಳ್ಳಿರುವ ಒಂದು ಹಾಳು ಕಚೇರಿ, ಅದರ ಮೇಲೆ ಗ್ಯಾರಿ ಓಲ್ಡ್‌ಮನ್ ನಟಿಸಿದ ಗಲೀಜು ಯಜಮಾನ. ಪ್ರತಿ ಸಲ ಕಥೆ ಶುರುವಾಗುತ್ತದೆ, ಓಡುತ್ತದೆ, ಮುಗಿಯುತ್ತದೆ. ಇದರ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ ಅನ್ನುವುದೇ ನನಗೆ ಬೇಜಾರು.

'ಶೋಗನ್' ಬಗ್ಗೆ ಒಂದು ಮಾತು ಹೇಳಿ ನಿಲ್ಲಿಸುತ್ತೇನೆ. ಹೆಚ್ಚಿನ ಮಾತು ಜಪಾನೀ ಭಾಷೆಯಲ್ಲೇ ಇದ್ದರೂ ಜಗತ್ತೆಲ್ಲ ಕೂತು ನೋಡಿತು. ಒಂದೇ ಸೀಸನ್‌ಗೆ ಹದಿನೆಂಟು ಎಮ್ಮಿ, ಅದು ದಾಖಲೆ. ಕೊನೆಗೆ ಮಹಾಯುದ್ಧ ಬರುತ್ತದೆ ಅಂತ ಹತ್ತು ಕಂತು ಕಾಯುತ್ತೇವೆ. ಬರುವುದೇ ಇಲ್ಲ. ಕಥೆಯ ಪ್ರಭು ಟೊರಾನಾಗ ಅದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ, ಯಾಕೆಂದರೆ ನಿಜವಾದ ಯುದ್ಧವನ್ನು ಅವನ ಕಡೆಯ ಮಾರಿಕೋ ಒಂಬತ್ತನೇ ಕಂತಿನಲ್ಲೇ ಗೆದ್ದಾಗಿತ್ತು. ಎಂಥ ಮುಕ್ತಾಯ! ಮೂಲ ಕಾದಂಬರಿಯೂ ಅಲ್ಲಿಗೇ ಮುಗಿಯುತ್ತದೆ. ಆದರೂ ಇನ್ನಷ್ಟು ಸೀಸನ್ ಮಾಡುತ್ತೇವೆ ಅಂತ 2024ರಲ್ಲೇ ಹೇಳಿದ್ದಾರೆ. ನನಗೆ ಖುಷಿ ಆಗಲಿಲ್ಲ.

ನಿಮ್ಮ ಅನುಭವ ಹೇಳಿ. ಒಪ್ಪದಿದ್ದರೂ ಹೇಳಿ.

ರಾತ್ರಿಆಟ

ಕಡೇಸಾಲು ಅವರೇ, ಬಹುತೇಕ ಒಪ್ಪುತ್ತೇನೆ. ಆದರೆ ಇದನ್ನು ಓದಿದವರು 'ಚಿಕ್ಕದಾಗಿದ್ದರೆ ಒಳ್ಳೆಯದು, ಉದ್ದ ಇದ್ದರೆ ಕೆಟ್ಟದ್ದು' ಅಂತ ತಿಳಿದುಕೊಳ್ಳಬಾರದು. ಉದ್ದ ಬೇರೆ, ಎಳೆತ ಬೇರೆ.

'ದಿ ಬ್ರೂಟಲಿಸ್ಟ್' 215 ನಿಮಿಷ. ಅದರೊಳಗೇ ಹದಿನೈದು ನಿಮಿಷದ ವಿರಾಮ ಇಟ್ಟಿದ್ದಾರೆ, ಪರದೆಯ ಮೇಲೆ ಸಮಯ ಇಳಿಯುತ್ತಾ ಬರುತ್ತದೆ. ನನಗೆ ಒಂದು ನಿಮಿಷವೂ ಭಾರ ಅನ್ನಿಸಲಿಲ್ಲ. ವಿರಾಮದ ಮುಂಚೆ ಒಂದು ಸಿನಿಮಾ, ಆಮೇಲೆ ಇನ್ನೊಂದು. ಮೊದಲರ್ಧದಲ್ಲಿ ಆ ವಾಸ್ತುಶಿಲ್ಪಿ ಮೇಲಕ್ಕೆ ಏರುತ್ತಾನೆ, ಎರಡನೆಯದರಲ್ಲಿ ಏರಿಸಿದವರೇ ಅವನನ್ನು ತುಳಿಯುತ್ತಾರೆ. ವಿರಾಮ ಕಥೆಯ ಭಾಗವೇ ಆಗಿದೆ.

'ಕಿಲ್ಲರ್ಸ್ ಆಫ್ ದಿ ಫ್ಲವರ್ ಮೂನ್' 206 ನಿಮಿಷ, ವಿರಾಮ ಇಲ್ಲ. ಕೆಲವು ಚಿತ್ರಮಂದಿರಗಳು ತಾವೇ ವಿರಾಮ ಹಾಕಿದಾಗ ಹಾಗೆ ಮಾಡಬೇಡಿ ಅಂತ ತಡೆದರು. ಆ ಸಿನಿಮಾ ನನಗೆ ಮುಖ್ಯ ಅನ್ನಿಸುತ್ತದೆ, ಲಿಲಿ ಗ್ಲ್ಯಾಡ್‌ಸ್ಟನ್ ಕಣ್ಣುಗಳನ್ನು ಮರೆಯಲು ಆಗುವುದಿಲ್ಲ. ಆದರೆ ನಡುವಿನ ಒಂದು ಗಂಟೆಯಲ್ಲಿ ಅವಳು ಹಾಸಿಗೆ ಹಿಡಿದ ಮೇಲೆ ಕೊಲೆಗಾರರ ಜೊತೆಗೇ ನಾವು ಕೂತಿರುತ್ತೇವೆ. ಅವಳ ಕಥೆ ಅವಳಿಂದಲೇ ದೂರ ಹೋಗುತ್ತದೆ. ನನ್ನ ದೂರು ಆ ಆಯ್ಕೆಯ ಬಗ್ಗೆ. ಅದನ್ನು ಎರಡೂವರೆ ಗಂಟೆಗೆ ಇಳಿಸಿದ್ದರೂ ಈ ಕೊರತೆ ಹಾಗೇ ಇರುತ್ತಿತ್ತು.

'ಒನ್ ಬ್ಯಾಟಲ್ ಆಫ್ಟರ್ ಅನದರ್' ನೋಡಿ. 162 ನಿಮಿಷ. ಬಾಣದ ಹಾಗೆ ಹೋಗುತ್ತದೆ. ಕೊನೆಯ ಕಡೆ ಏರಿಳಿತದ ರಸ್ತೆಯಲ್ಲಿ ಕಾರುಗಳ ಬೆನ್ನಟ್ಟುವಿಕೆ ಇದೆಯಲ್ಲ, ಅಲ್ಲಿ ಸ್ಫೋಟ ಇಲ್ಲ, ಗಾಳಿಯಲ್ಲಿ ಹಾರುವ ಕಾರಿಲ್ಲ. ದಿಬ್ಬ ಹತ್ತಿದಾಗ ಕಾಣುವುದು, ಇಳಿದಾಗ ಮಾಯವಾಗುವುದು, ಅಷ್ಟೇ ತಂತ್ರ. ಬೆನ್ನಟ್ಟಿಸಿಕೊಂಡ ಹುಡುಗಿ ಆ ದಿಬ್ಬವನ್ನೇ ಆಯುಧ ಮಾಡಿಕೊಳ್ಳುತ್ತಾಳೆ. ರಸ್ತೆಯ ಆಕಾರವನ್ನೇ ನಾಟಕ ಮಾಡುವುದು ಅಂದರೆ ಇದು.

ಕಡೇಸಾಲು

ರಾತ್ರಿಆಟ, ನೀವು ಹೇಳಿದ್ದು ಸರಿಯಾದ ಗೆರೆ. ಅದೇ ಗೆರೆ ಇಟ್ಟುಕೊಂಡು 'ಮಿಷನ್ ಇಂಪಾಸಿಬಲ್: ದಿ ಫೈನಲ್ ರೆಕನಿಂಗ್' ಅಳೆಯಿರಿ. 169 ನಿಮಿಷ. ಮೊದಲ ಒಂದು ಗಂಟೆ ಪಾತ್ರಗಳು ಒಬ್ಬರಿಗೊಬ್ಬರು ಕಥೆ ವಿವರಿಸುತ್ತಾರೆ, ನಡುನಡುವೆ ಹಳೇ ಸಿನಿಮಾಗಳ ತುಣುಕು. ನಂತರ ಮುಳುಗಿದ ಜಲಾಂತರ್ಗಾಮಿಯೊಳಗಿನ ದೃಶ್ಯ ಬರುತ್ತದೆ, ಕೊನೆಗೆ ವಿಮಾನದ ರೆಕ್ಕೆ ಮೇಲೆ ಟಾಮ್ ಕ್ರೂಸ್. ಆ ಎರಡೂ ದೃಶ್ಯ ಪರದೆಯ ಮೇಲೆ ನೋಡಲೇಬೇಕಾದವು. ಎರಡರಲ್ಲೂ ಮಾತು ಬಹಳ ಕಡಿಮೆ ಅನ್ನುವುದನ್ನು ಗಮನಿಸಿ. ಇಷ್ಟು ಚೆನ್ನಾಗಿ ತೋರಿಸಲು ಬರುವವರು ಅಷ್ಟೊಂದು ಯಾಕೆ ವಿವರಿಸುತ್ತಾರೆ?

ಈ ವಿವರಣೆಯ ಚಟ ಈಗ ಎಲ್ಲ ಕಡೆ ಜಾಸ್ತಿ ಆಗಿದೆ. ನೋಡುವವರು ಕೈಯಲ್ಲಿ ಫೋನ್ ಹಿಡಿದಿರುತ್ತಾರೆ ಅಂತ ಮೊದಲೇ ಅಂದುಕೊಂಡು ಬರೆದ ಹಾಗೆ ಇರುತ್ತದೆ. ಬಾಗಿಲು ತೆಗೆಯುವವನು 'ನಾನು ಬಾಗಿಲು ತೆಗೆಯುತ್ತಿದ್ದೇನೆ' ಅನ್ನುವ ಮಟ್ಟಕ್ಕೆ ಸಂಭಾಷಣೆ ಬಂದಿದೆ. ಕಣ್ಣಿಟ್ಟು ನೋಡುವವರಿಗೆ ಇದು ಮಾಡುವ ಅವಮಾನ.

ಸಂಜೆಮಲ್ಲಿಗೆ

ನಾನು ಹೈಸ್ಕೂಲು ಮಕ್ಕಳಿಗೆ ಪಾಠ ಮಾಡುವವಳು. ಹಾಗಾಗಿ 'ಅಡಾಲಸೆನ್ಸ್' ಎರಡನೇ ಕಂತು, ಶಾಲೆಯದ್ದು, ನನಗೆ ಬಹಳ ತಟ್ಟಿತು. ಹಲವರು ಅದನ್ನೇ ನಾಲ್ಕರಲ್ಲಿ ದುರ್ಬಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಗದ್ದಲ, ಎತ್ತರದ ದನಿ, ಯಾರ ಮಾತೂ ಯಾರಿಗೂ ಕೇಳದಿರುವುದು, ಮಕ್ಕಳಿಗೆ ವಿಡಿಯೋ ಹಾಕಿ ಕೂರಿಸುವುದು. ಆ ಶಾಲೆಯಲ್ಲಿ ದೊಡ್ಡವರು ಕೆಟ್ಟವರಲ್ಲ, ಅವರಿಗೆ ಪುರಸೊತ್ತೇ ಇಲ್ಲ. ತನಿಖೆ ಮಾಡುವ ಅಧಿಕಾರಿಗೆ ಮಕ್ಕಳು ಆನ್‌ಲೈನ್‌ನಲ್ಲಿ ಹಾಕುವ ಇಮೋಜಿಗಳ ಅರ್ಥವನ್ನು ಅವನ ಸ್ವಂತ ಮಗನೇ ಹೇಳಿಕೊಡಬೇಕಾಗುತ್ತದೆ. ಅವನು ಅಷ್ಟು ಹೊತ್ತು ಕೇಳಿದ ಪ್ರಶ್ನೆಗಳೆಲ್ಲ ಬೇರೆಯೇ ಲೋಕದ್ದು ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಒಂದೇ ಶಾಟ್‌ನ ಬಗ್ಗೆ ಕಡೇಸಾಲು ಸ್ವಲ್ಪ ಬೇಗ ಮುಂದೆ ಹೋದರು ಅನ್ನಿಸಿತು. ಅದು ಬರೀ ಚಮತ್ಕಾರ ಅಲ್ಲ. ಕಟ್ ಇಲ್ಲದಿದ್ದರೆ ನೋಡುವವರಿಗೆ ಮುಖ ತಿರುಗಿಸಲು ಜಾಗ ಇರುವುದಿಲ್ಲ. ಮೊದಲ ಕಂತಿನಲ್ಲಿ ಮಗನ ದೇಹ ತಪಾಸಣೆ ಮಾಡುವಾಗ ಕ್ಯಾಮೆರಾ ತಂದೆಯ ಮುಖದ ಮೇಲೆ ನಿಲ್ಲುತ್ತದೆ. ಬೇರೆ ಯಾವ ರೀತಿಯಲ್ಲಿ ತೆಗೆದಿದ್ದರೂ ಅಷ್ಟು ಹೊತ್ತು ನಾವು ಅಲ್ಲಿ ಇರುತ್ತಿರಲಿಲ್ಲ. ಎರಡನೇ ಕಂತಿನ ಕೊನೆಗೆ ಕ್ಯಾಮೆರಾ ಮೇಲಕ್ಕೆ ಹಾರಿ ಊರು ದಾಟಿ, ಕೊಲೆ ನಡೆದ ಜಾಗದಲ್ಲಿ ಹೂವಿಡುವ ಅದೇ ತಂದೆಯ ಹತ್ತಿರ ಇಳಿಯುತ್ತದೆ. ಸ್ಟೀಫನ್ ಗ್ರಹಾಂ ಆ ಮುಖದಲ್ಲಿ ಎಷ್ಟು ಹಿಡಿದಿಟ್ಟಿದ್ದಾರೆ!

ಹದಿಹರೆಯದ ಮಕ್ಕಳಿರುವವರು ಇದನ್ನು ಮಕ್ಕಳ ಜೊತೆ ಕೂತು ನೋಡಿ. ನೋಡಿದ ಮೇಲೆ ಉಪದೇಶ ಮಾಡಬೇಡಿ. ಅವರೇನು ಹೇಳುತ್ತಾರೆ ಕೇಳಿ.

ವಾರಕ್ಕೊಂದು

'ಸೆವರೆನ್ಸ್' ಹೆಸರೇ ಬರಲಿಲ್ಲ! ಮೊದಲ ಸೀಸನ್ 2022ರ ಫೆಬ್ರವರಿಯಲ್ಲಿ ಶುರುವಾಯಿತು, ಎರಡನೆಯದು 2025ರ ಜನವರಿಯಲ್ಲಿ. ಹೆಚ್ಚುಕಡಿಮೆ ಮೂರು ವರ್ಷ. ನಡುವೆ 2023ರ ಬರಹಗಾರರ ಮತ್ತು ನಟರ ಮುಷ್ಕರವೂ ಬಂತು, ಅದನ್ನು ಮರೆಯಬಾರದು. ಆ ಮುಷ್ಕರಕ್ಕೆ ಕಾರಣಗಳು ನ್ಯಾಯವಾಗಿಯೇ ಇದ್ದವು. ನೋಡುಗರಾಗಿ ನಮಗೆ ತಡ ಆಯಿತು ಅಂತ ಬರಹಗಾರರನ್ನು ಬೈಯುವುದು ತಪ್ಪು.

ಮೂರು ವರ್ಷದ ಮೇಲೆ ಬಂದರೂ ನನ್ನ ಮಟ್ಟಿಗೆ ಎರಡನೇ ಸೀಸನ್ ಮೊದಲನೆಯದಕ್ಕಿಂತ ಒಂದು ಮೆಟ್ಟಿಲು ಮೇಲೆ. ಮೊದಲನೆಯದು ಒಗಟು. ಆಫೀಸಿನೊಳಗಿನ ನೆನಪು ಹೊರಗೆ ಇಲ್ಲ, ಹೊರಗಿನದ್ದು ಒಳಗೆ ಇಲ್ಲ, ಯಾರು ಇದನ್ನೆಲ್ಲ ಮಾಡುತ್ತಿದ್ದಾರೆ? ಎರಡನೆಯದರಲ್ಲಿ ಪ್ರಶ್ನೆ ಬೇರೆ. ಒಳಗಿನವನೂ ಒಬ್ಬ ಮನುಷ್ಯನೇ ಅಲ್ವಾ? ಅವನಿಗೂ ಬದುಕುವ ಹಕ್ಕಿಲ್ಲವಾ? ಕೊನೆಯಲ್ಲಿ ಹೊರಗಿನ ಮಾರ್ಕ್‌ನ ಹೆಂಡತಿ ಗೆಮ್ಮಾ ಬಾಗಿಲ ಆಚೆ ನಿಂತು ಕೂಗುತ್ತಿದ್ದರೂ ಒಳಗಿನ ಮಾರ್ಕ್ ಸಹೋದ್ಯೋಗಿ ಹೆಲ್ಲಿಯ ಕೈ ಹಿಡಿದು ಒಳಗೆ ಓಡುತ್ತಾನಲ್ಲ, ಆಗ ನನಗೆ ಅವನ ಮೇಲೆ ಸಿಟ್ಟೂ ಬಂತು, ಅವನೇ ಸರಿ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ. ಏಳನೇ ಕಂತು, ಗೆಮ್ಮಾಳದ್ದು, ಅದನ್ನು ನಿರ್ದೇಶಿಸಿದವರು ಈ ಸರಣಿಯ ಛಾಯಾಗ್ರಾಹಕಿ ಜೆಸಿಕಾ ಲೀ ಗ್ಯಾನ್ಯೇ. ಅವರ ಮೊದಲ ನಿರ್ದೇಶನ. ಮದುವೆಯೊಂದು ನಿಧಾನವಾಗಿ ಸವೆಯುವುದನ್ನು ಇಷ್ಟು ಮೃದುವಾಗಿ ನಾನು ಈಚೆಗೆ ಎಲ್ಲೂ ನೋಡಿಲ್ಲ.

ಇನ್ನೊಂದು ವಿಷಯ. ಇದು ವಾರಕ್ಕೊಂದು ಕಂತಿನ ಹಾಗೆ ಬಂತು. ಅದರಿಂದಲೇ ಇಷ್ಟು ಚರ್ಚೆ ಆಯಿತು. ಎಲ್ಲ ಕಂತನ್ನೂ ಒಂದೇ ರಾತ್ರಿ ಸುರಿದುಬಿಟ್ಟರೆ ಒಂದು ಕಂತಿಗೂ ಇನ್ನೊಂದಕ್ಕೂ ವ್ಯತ್ಯಾಸವೇ ನೆನಪಿರುವುದಿಲ್ಲ.

ಕಡೇಸಾಲು

'ಸೆವರೆನ್ಸ್' ಬಿಟ್ಟದ್ದು ಬೇಕೆಂದೇ. ಅದರ ಕಥೆ ಇನ್ನೂ ನಡೆಯುತ್ತಿದೆ, ಮುಗಿಸಲು ಬರುತ್ತದೆಯೋ ಇಲ್ಲವೋ ಅಂತ ಈಗಲೇ ಹೇಳುವುದು ನ್ಯಾಯ ಅಲ್ಲ. ಏಳನೇ ಕಂತಿನ ಬಗ್ಗೆ ನೀವು ಹೇಳಿದ ಒಂದೊಂದು ಮಾತನ್ನೂ ಒಪ್ಪುತ್ತೇನೆ. ಆದರೆ ಅದರ ಬೆನ್ನಿಗೇ ಬರುವ ಎಂಟನೆಯದು ಕಥೆಯ ಓಟಕ್ಕೆ ಬ್ರೇಕ್ ಹಾಕಿತು. ಮೇಲಧಿಕಾರಿಯಾಗಿದ್ದ ಕೊಬೆಲ್ ಬಗ್ಗೆ ನಮಗೆ ಬೇಕಿದ್ದದ್ದು ಒಂದೇ ಒಂದು ಸಂಗತಿ. ಅದಕ್ಕೆ ಇಡೀ ಕಂತು ಬೇಕಿರಲಿಲ್ಲ. ಆ ಆಫೀಸಿನೊಳಗೆ ಮೇಕೆ ಸಾಕುವ ಕೋಣೆ ಯಾಕಿದೆ ಅಂತ ಕೊನೆಗೆ ಕೊಟ್ಟ ಉತ್ತರವೂ ನನಗೆ ಸಾಲಲಿಲ್ಲ.

ವಾರಕ್ಕೊಂದು ಕಂತು ಅನ್ನುವುದಕ್ಕೆ ನನ್ನ ಪೂರ್ತಿ ಬೆಂಬಲ. 'ದಿ ಪಿಟ್' ಅದಕ್ಕೆ ಒಳ್ಳೆಯ ಸಾಕ್ಷಿ. ತುರ್ತು ಚಿಕಿತ್ಸಾ ವಿಭಾಗದ ಒಂದೇ ಪಾಳಿ, ಹದಿನೈದು ಗಂಟೆ, ಹದಿನೈದು ಕಂತು. 2025ರ ಜನವರಿಯಲ್ಲಿ ಶುರುವಾಗಿ, ಎರಡನೇ ಸೀಸನ್ ಸರಿಯಾಗಿ ಮುಂದಿನ ಜನವರಿಗೆ ಬಂತು. ವರ್ಷಕ್ಕೊಂದು ಸೀಸನ್ ಮಾಡಲು ಈಗಲೂ ಆಗುತ್ತದೆ ಅಂತ ತೋರಿಸಿದರು. ದುಬಾರಿ ಗ್ರಾಫಿಕ್ಸ್ ಇಲ್ಲ, ದೇಶದಿಂದ ದೇಶಕ್ಕೆ ಹಾರಾಟ ಇಲ್ಲ. ಒಂದು ಸೆಟ್, ಗಟ್ಟಿ ನಟರು, ಓಡಾಡುವ ಕ್ಯಾಮೆರಾ. ಹಿನ್ನೆಲೆ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನಬಹುದು. ಡಾಕ್ಟರ್ ರಾಬಿ ನೆಲದ ಮೇಲೆ ಕುಸಿದು ಕೂರುವ ದೃಶ್ಯಕ್ಕೆ ಹನ್ನೆರಡು ಹದಿಮೂರು ಗಂಟೆಯ ಸುಸ್ತು ಬೆನ್ನಿಗಿದೆ. ಆ ಸುಸ್ತು ನಮಗೂ ಹತ್ತಿರುತ್ತದೆ. ನೋಡಿ, ಇಲ್ಲಿ ಉದ್ದ ಬೇಕಿತ್ತು.

'ಸ್ಟ್ರೇಂಜರ್ ಥಿಂಗ್ಸ್' ಇದಕ್ಕೆ ಉಲ್ಟಾ. 2016ರಿಂದ 2025ರ ಕೊನೆಯ ದಿನದ ತನಕ ಐದು ಸೀಸನ್. ನಾಲ್ಕಕ್ಕೂ ಐದಕ್ಕೂ ನಡುವೆ ಮೂರು ವರ್ಷಕ್ಕೂ ಜಾಸ್ತಿ. ಸೈಕಲ್ ತುಳಿಯುತ್ತಿದ್ದ ಮಕ್ಕಳು ಕಣ್ಣೆದುರೇ ದೊಡ್ಡವರಾದರು, ಕಥೆಯಲ್ಲಿ ಮಾತ್ರ ಇನ್ನೂ ಶಾಲೆಯಲ್ಲೇ ಇದ್ದರು. ಕೊನೆಯ ಸೀಸನ್ನನ್ನು ಮತ್ತೆ ಮೂರು ತುಂಡು ಮಾಡಿ ಬಿಟ್ಟರು. ಮೊದಲ ಸೀಸನ್‌ನಲ್ಲಿ ಗೋಡೆಗೆ ತೂಗಿದ ಬಣ್ಣದ ಬಲ್ಬುಗಳಿಂದ ತಾಯಿ ಮಗನ ಜೊತೆ ಮಾತಾಡುತ್ತಾಳಲ್ಲ, ಅಷ್ಟು ಹೆದರಿಕೆ, ಅಷ್ಟು ಪ್ರೀತಿ ಮುಂದಿನ ಯಾವ ದೊಡ್ಡ ರಾಕ್ಷಸನಿಂದಲೂ ಬರಲಿಲ್ಲ.

ಕಿವಿಮಾತು

ನನ್ನ ಗೋಳು ಬೇರೆ. ಮಾತೇ ಕೇಳಿಸುವುದಿಲ್ಲ! ನಾನು ಧ್ವನಿ ವಿಭಾಗದಲ್ಲಿ ಕೆಲಸ ಮಾಡಿದವನು, ಹಾಗಾಗಿ ಕಾರಣ ಹೇಳುತ್ತೇನೆ.

ಸಿನಿಮಾದ ಧ್ವನಿಯನ್ನು ಮೊದಲು ಚಿತ್ರಮಂದಿರಕ್ಕೆ ಹದ ಮಾಡುತ್ತಾರೆ. ಅಲ್ಲಿ ಮಾತು ಬರುವುದು ಪರದೆಯ ನಡುವಿನ ಸ್ಪೀಕರ್‌ನಿಂದ. ಸಂಗೀತ, ಸದ್ದು ಎರಡೂ ಪಕ್ಕದಿಂದ, ಹಿಂದಿನಿಂದ. ಮನೆಯ ಟಿವಿಯಲ್ಲಿ ಇರುವುದು ಎರಡು ಸಣ್ಣ ಸ್ಪೀಕರ್, ಅವೂ ಹಲವು ಸಲ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತವೆ. ಎಲ್ಲವನ್ನೂ ಅದರೊಳಗೆ ತುರುಕಿದಾಗ ಮಾತು ಸದ್ದಿನಲ್ಲಿ ಮುಳುಗುತ್ತದೆ. ಅದರ ಮೇಲೆ ಈಗಿನ ನಟರು ಸಹಜವಾಗಿರಲಿ ಅಂತ ಪಿಸುಗುಟ್ಟುತ್ತಾರೆ. ಕೆಲವು ನಿರ್ದೇಶಕರಿಗೆ ಚಿತ್ರೀಕರಣದಲ್ಲಿ ಹಿಡಿದ ಧ್ವನಿಯೇ ಬೇಕು, ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಹೇಳಿಸುವುದು ಬೇಡ. ನೋಲನ್ ಹಾಗೆಯೇ. 'ಓಪನ್‌ಹೈಮರ್' ನನಗೆ ತುಂಬಾ ಇಷ್ಟ. ಪರೀಕ್ಷಾ ಸ್ಫೋಟದಲ್ಲಿ ಬೆಳಕು ಮೊದಲು, ಸದ್ದು ಎಷ್ಟೋ ಹೊತ್ತಿನ ಮೇಲೆ. ಭೌತಶಾಸ್ತ್ರವೂ ಸರಿ, ನಾಟಕವೂ ಸರಿ. ಆದರೆ ಅದೇ ಸಿನಿಮಾದ ಎಷ್ಟೋ ಮಾತುಗಳು ಸಂಗೀತದ ಅಡಿ ಹೂತುಹೋಗಿವೆ. ಮೂರು ಗಂಟೆ ಜನ ಮಾತಾಡುವ ಸಿನಿಮಾದಲ್ಲಿ ಅದು ಸಣ್ಣ ದೋಷ ಅಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು. ಸರೌಂಡ್ ಸ್ಪೀಕರ್ ಇಲ್ಲದಿದ್ದರೆ ಆಡಿಯೋ ಪಟ್ಟಿಯಲ್ಲಿ 5.1 ಬಿಟ್ಟು ಸ್ಟೀರಿಯೋ ಆರಿಸಿ. ಟಿವಿಯಲ್ಲಿ ಮಾತನ್ನು ಎತ್ತಿ ಕೊಡುವ ಸೆಟ್ಟಿಂಗ್ ಇದ್ದರೆ ಹಾಕಿ. ಹಾಗೆಯೇ ಚಿತ್ರವನ್ನು ನುಣುಪು ಮಾಡುವ ಮೋಷನ್ ಸ್ಮೂದಿಂಗ್ ತೆಗೆದುಹಾಕಿ, ಅದರಿಂದ ಎಂಥ ಸಿನಿಮಾವೂ ಅಗ್ಗದ ಧಾರಾವಾಹಿ ಹಾಗೆ ಕಾಣುತ್ತದೆ. 2018ರಲ್ಲಿ ಟಾಮ್ ಕ್ರೂಸ್ ಅವರೇ ಇದನ್ನು ಆಫ್ ಮಾಡಿ ಅಂತ ವಿಡಿಯೋ ಮಾಡಿ ಕೇಳಿಕೊಂಡಿದ್ದರು.

ಧ್ವನಿ ಅಂದರೆ ಏನು ಅಂತ ತಿಳಿಯಬೇಕಾದವರು 'ದಿ ಝೋನ್ ಆಫ್ ಇಂಟರೆಸ್ಟ್' ನೋಡಿ. 105 ನಿಮಿಷ. ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಜ್‌ನ ಗೋಡೆಯ ಈಚೆ ಒಂದು ಸಂಸಾರ ತೋಟ ಮಾಡಿಕೊಂಡು ಸುಖವಾಗಿದೆ. ಗೋಡೆಯ ಆಚೆ ನಡೆಯುವುದನ್ನು ಕ್ಯಾಮೆರಾ ತೋರಿಸುವುದೇ ಇಲ್ಲ. ಕೇಳಿಸುತ್ತದೆ. ಗುಂಡು, ಕೂಗು, ನಿಲ್ಲದ ಒಂದು ಗುಂಯ್‌ಗುಡುವ ಸದ್ದು. ಅರ್ಧ ಗಂಟೆಯ ಮೇಲೆ ಆ ಸದ್ದು ನಮಗೂ ಅಭ್ಯಾಸ ಆಗಿಬಿಡುತ್ತದೆ, ಅದೇ ಭಯಂಕರ. ಧ್ವನಿಗೆ ಆಸ್ಕರ್ ಕೊಟ್ಟದ್ದು ನೂರಕ್ಕೆ ನೂರು ಸರಿ. ಇದನ್ನು ಟಿವಿ ಸ್ಪೀಕರ್‌ನಲ್ಲಿ ನೋಡಬೇಡಿ, ಹೆಡ್‌ಫೋನ್ ಹಾಕಿಕೊಳ್ಳಿ.

ಕತ್ತರಿ

ಒಂದೇ ಕಥೆಯನ್ನು ಎರಡು ಸಿನಿಮಾ ಮಾಡುವ ರೂಢಿ ಬಗ್ಗೆ ಯಾರೂ ಎತ್ತಲಿಲ್ಲ. 'ವಿಕೆಡ್' ಮೊದಲ ಭಾಗವೇ 160 ನಿಮಿಷ. ರಂಗದ ಮೇಲೆ ಇಡೀ ನಾಟಕವೇ ವಿರಾಮ ಸೇರಿ ಸುಮಾರು ಅಷ್ಟು ಹೊತ್ತು. ಎರಡೂ ಭಾಗ ಸೇರಿಸಿದರೆ ಐದು ಗಂಟೆ ಹತ್ತಿರ. ಮೊದಲ ಭಾಗ ನನಗೆ ಹಿಡಿಸಿತು, ಹಾಡಿನ ಮೇಲೆ ಏರಿ ನಿಂತು ಮುಗಿಯುತ್ತದೆ. 2025ರಲ್ಲಿ ಬಂದ ಎರಡನೆಯದಕ್ಕೆ ಉಳಿದದ್ದು ತುದಿಗಳನ್ನು ಗಂಟು ಹಾಕುವ ಕೆಲಸ ಮಾತ್ರ.

ಆದರೆ ಎರಡು ಭಾಗ ಮಾಡಿದ್ದೆಲ್ಲ ವ್ಯಾಪಾರ ಅನ್ನಲು ಬರುವುದಿಲ್ಲ. ನಮ್ಮ 'ಸಪ್ತ ಸಾಗರದಾಚೆ ಎಲ್ಲೋ' ನೋಡಿ. ಎರಡೂ ಭಾಗ 2023ರಲ್ಲೇ ಬಂದವು, ಸೆಪ್ಟೆಂಬರ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಇನ್ನೊಂದು. ಮೊದಲನೆಯದು ಪ್ರೀತಿ ಮತ್ತು ಕಾಯುವಿಕೆ, ಎರಡನೆಯದು ಅದೇ ಪ್ರೀತಿ ಹಟವಾಗುವುದು. ನಡುವೆ ಹತ್ತು ವರ್ಷ ಕಳೆದಿರುತ್ತದೆ. ಆ ಬಿಡುವು ನೋಡುವವರಿಗೂ ಬೇಕಿತ್ತು. ನನ್ನ ದೂರು ಎರಡನೇ ಭಾಗದ ಹೊಡೆದಾಟಗಳ ಬಗ್ಗೆ, ಅವು ಆ ಕಥೆಯ ಲಯಕ್ಕೆ ಕೂರಲಿಲ್ಲ. ಮೊದಲ ಭಾಗದಲ್ಲಿ ಜೈಲಿನ ಭೇಟಿಯ ದೃಶ್ಯಗಳಲ್ಲಿ ರುಕ್ಮಿಣಿ ವಸಂತ್ ಕಣ್ಣಲ್ಲೇ ಎಲ್ಲ ಹೇಳುತ್ತಾರೆ. ಚರಣ್ ರಾಜ್ ಸಂಗೀತ ಎಲ್ಲಿ ಸುಮ್ನೆ ಇರಬೇಕೋ ಅಲ್ಲಿ ಸುಮ್ನೆ ಇರುತ್ತದೆ.

ಮುಗಿಸುವ ವಿಷಯಕ್ಕೆ 'ಆಂಡೋರ್' ಸೇರಿಸಿ ಕಡೇಸಾಲು. ಐದು ಸೀಸನ್ ಅಂತ ಯೋಚಿಸಿದ್ದನ್ನು ಟೋನಿ ಗಿಲ್ರಾಯ್ ಎರಡಕ್ಕೆ ಇಳಿಸಿದರು. ಉಳಿದ ನಾಲ್ಕು ವರ್ಷದ ಕಥೆಯನ್ನು ಹನ್ನೆರಡು ಕಂತಿನಲ್ಲಿ, ಮೂರು ಮೂರರ ಗುಂಪು ಮಾಡಿ ಹೇಳಿದರು. ಒಂದು ಗುಂಪಿಗೆ ಒಂದು ವರ್ಷ. ನಡುವೆ ಏನಾಯಿತು ಅಂತ ನಾವೇ ಊಹಿಸಿಕೊಳ್ಳಬೇಕು. ಆ ಒತ್ತಡದಿಂದಲೇ ಎರಡನೇ ಸೀಸನ್ ಅಷ್ಟು ಬಿಗಿಯಾಗಿದೆ.

ನಿಧಾನಸ್ಥ

ಎಲ್ಲರೂ ದೊಡ್ಡ ಹೆಸರುಗಳನ್ನೇ ಹೇಳುತ್ತಿದ್ದೀರಿ. ಸಣ್ಣ ಸಿನಿಮಾಗಳ ಪರವಾಗಿ ನನ್ನದೂ ಒಂದು ಅಹವಾಲು ಇರಲಿ.

'ಫ್ಲೋ'. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ ಆನಿಮೇಷನ್ ಸಿನಿಮಾ. ಪ್ರವಾಹದಲ್ಲಿ ಸಿಕ್ಕಿಬಿದ್ದ ಬೆಕ್ಕು, ಒಂದು ದೋಣಿ, ಜೊತೆಗೆ ಬೇರೆ ಬೇರೆ ಪ್ರಾಣಿಗಳು. ಒಂದೇ ಒಂದು ಮಾತಿಲ್ಲ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. 2025ರಲ್ಲಿ ದೊಡ್ಡ ಸ್ಟುಡಿಯೋಗಳನ್ನು ಹಿಂದೆ ಹಾಕಿ ಆಸ್ಕರ್ ಗೆದ್ದಿತು. ಬೆಕ್ಕು ಬೆಕ್ಕಿನ ಹಾಗೇ ಇರುತ್ತದೆ, ಜೋಕ್ ಹೊಡೆಯುವುದಿಲ್ಲ, ಹಾಡುವುದಿಲ್ಲ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ.

'ಪರ್ಫೆಕ್ಟ್ ಡೇಸ್'. ಟೋಕಿಯೋದಲ್ಲಿ ಶೌಚಾಲಯ ತೊಳೆಯುವ ಒಬ್ಬ ಮನುಷ್ಯನ ದಿನಚರಿ. ಅದೇ ಎದ್ದೇಳುವುದು, ಅದೇ ಕೆಲಸ, ಅದೇ ಮರದ ಫೋಟೋ. ಕೊನೆಗೆ ಕಾರು ಓಡಿಸುತ್ತಾ ಕೋಜಿ ಯಾಕುಶೋ ನಗುತ್ತಾ ಅಳುತ್ತಾರೆ, ಶಾಟ್ ನಿಲ್ಲುವುದೇ ಇಲ್ಲ. ಅದು ಸುಖವೋ ದುಃಖವೋ ನಿರ್ಧರಿಸಲು ಆಗುವುದಿಲ್ಲ.

ಪಾಯಲ್ ಕಪಾಡಿಯಾ ಅವರ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಗ್ರಾಂ ಪ್ರಿ ಪ್ರಶಸ್ತಿ ಪಡೆಯಿತು. ನರ್ಸ್ ಪ್ರಭಾಳಿಗೆ ಜರ್ಮನಿಯಿಂದ ಒಂದು ರೈಸ್ ಕುಕ್ಕರ್ ಬರುತ್ತದೆ. ಕಳಿಸಿದವರ ಹೆಸರಿಲ್ಲ. ದೂರವಾದ ಗಂಡನೇ ಇರಬೇಕು. ರಾತ್ರಿ ಅವಳು ಆ ಕುಕ್ಕರನ್ನು ತಬ್ಬಿಕೊಂಡು ಕೂರುತ್ತಾಳೆ. ಕನಿ ಕುಸೃತಿ ಅಲ್ಲಿ ಮಾಡಿದ್ದನ್ನು ನಟನೆ ಅನ್ನಲು ನನಗೆ ಬಾಯಿ ಬರುವುದಿಲ್ಲ. 'ಬೋರು, ಏನೂ ಆಗುವುದಿಲ್ಲ' ಅಂತ ಎಷ್ಟೋ ಜನ ಬರೆದರು. ಆ ಒಂದು ದೃಶ್ಯದಲ್ಲಿ ಒಂದು ಇಡೀ ಮದುವೆಯ ಕಥೆ ಇದೆ, ಇನ್ನೇನು ಆಗಬೇಕು?

ರಾತ್ರಿಆಟ

ನಿಧಾನಸ್ಥ ಅವರ ಪಟ್ಟಿಗೆ ನನ್ನ ಸಹಿಯೂ ಇರಲಿ. ಆದರೆ ಜನಕ್ಕೆ ಇಷ್ಟವಾಗುವ ಸಿನಿಮಾ ಅಂದರೆ ಕೀಳು ಅನ್ನುವ ಭಾವ ಬೇಡ. 'ಸಿನ್ನರ್ಸ್' ನೋಡಿ. ರಕ್ತ ಹೀರುವ ಪಿಶಾಚಿಗಳ ಸಿನಿಮಾ, ಜನ ಮುಗಿಬಿದ್ದು ನೋಡಿದರು. 1932ರ ಮಿಸಿಸಿಪ್ಪಿ. ಆ ಹುಡುಗ ಗಿಟಾರ್ ಹಿಡಿದು ಹಾಡುವಾಗ ಅದೇ ಕೋಣೆಯಲ್ಲಿ ಹಿಂದಿನ ಕಾಲದವರೂ ಮುಂದಿನ ಕಾಲದವರೂ ಬಂದು ಕುಣಿಯುತ್ತಾರೆ, ಎಲೆಕ್ಟ್ರಿಕ್ ಗಿಟಾರ್ ಹಿಡಿದವನೂ ಇದ್ದಾನೆ. ಜನಪ್ರಿಯ ಸಿನಿಮಾದಲ್ಲಿ ಇಷ್ಟು ದೊಡ್ಡ ಕಲ್ಪನೆ! ಕೊನೆಯ ಹೊಡೆದಾಟ ಸ್ವಲ್ಪ ಅವಸರದಲ್ಲಿ ಆಯಿತು, ಅದೊಂದು ಕೊರತೆ.

'ಗಾಡ್ಜಿಲ್ಲಾ ಮೈನಸ್ ಒನ್' ಕೂಡ. 35 ಜನ ಸೇರಿ 610 ಗ್ರಾಫಿಕ್ಸ್ ಶಾಟ್ ಮಾಡಿದರು, ಆಸ್ಕರ್ ಬಂತು. ನಿರ್ದೇಶಕ ಯಮಾಝಾಕಿ ಅವರೇ ಗ್ರಾಫಿಕ್ಸ್ ತಂಡದ ಮುಖ್ಯಸ್ಥ, ಹಾಗಾಗಿ ಏನು ಬೇಕು ಅಂತ ಮೊದಲೇ ಗೊತ್ತಿತ್ತು. ಆ ರಾಕ್ಷಸನಿಗಿಂತ ಯುದ್ಧದಿಂದ ಬದುಕಿ ಬಂದದ್ದಕ್ಕೇ ನಾಚುವ ಆ ಪೈಲಟ್ ಮನಸ್ಸಲ್ಲಿ ಕೂರುತ್ತಾನೆ.

ಸಂಜೆಮಲ್ಲಿಗೆ

ನನಗೆ ಶಾಲೆ ರಜೆ ಹತ್ತಿರ ಬಂತು. ಕಡೇಸಾಲು, ಒಂದೇ ಒಂದು ಸರಣಿ ಹೇಳಿ. ಶುರುವಾಗಿ ಮುಗಿದಿರಬೇಕು, ಮುಂದಿನ ಸೀಸನ್‌ಗೆ ಕಾಯುವ ಹಾಗಿರಬಾರದು.

ಕಡೇಸಾಲು

'ರಿಪ್ಲಿ', ಮೇಡಂ. 2024ರದ್ದು, ಎಂಟು ಕಂತು, ಪೂರ್ತಿ ಕಪ್ಪು ಬಿಳುಪು. ಪೆಟ್ರೀಶಿಯಾ ಹೈಸ್ಮಿತ್ 1955ರಲ್ಲಿ ಬರೆದ ಕಾದಂಬರಿಯಿಂದ ಬಂದದ್ದು. ಎಂಟನ್ನೂ ಸ್ಟೀವನ್ ಜೈಲಿಯನ್ ಒಬ್ಬರೇ ಬರೆದು ನಿರ್ದೇಶಿಸಿದ್ದಾರೆ, ಅದಕ್ಕೇ ಮೊದಲಿಂದ ಕೊನೆಯ ತನಕ ಒಂದೇ ಕೈಯ ಕೆಲಸ ಅಂತ ಗೊತ್ತಾಗುತ್ತದೆ. ಆಂಡ್ರ್ಯೂ ಸ್ಕಾಟ್ ಎಲ್ಲೂ ನಮ್ಮ ಅನುಕಂಪ ಕೇಳುವುದಿಲ್ಲ. ಆದರೂ ಅವನು ಸಿಕ್ಕಿಬೀಳಬಾರದು ಅಂತ ಉಸಿರು ಬಿಗಿಹಿಡಿದು ಕೂರುತ್ತೇವೆ. ಸಿನಿಮಾಗಳಲ್ಲಿ ಅಪರಾಧ ಮಾಡುವುದು ಸುಲಭ, ಇಲ್ಲಿ ಅದು ಬೆವರಿಳಿಸುವ ಕೆಲಸ. ಹೆಣ ಭಾರ ಇರುತ್ತದೆ, ಮೆಟ್ಟಿಲು ಮುಗಿಯುವುದಿಲ್ಲ, ಲಿಫ್ಟ್ ಕೈಕೊಡುತ್ತದೆ.

ಡಬ್ಬಿಂಗ್ ಬೇಡ. ಇಂಗ್ಲಿಷ್, ಇಟಾಲಿಯನ್ ಎರಡೂ ಬರುತ್ತವೆ, ರಿಪ್ಲಿಯ ಹರಕು ಇಟಾಲಿಯನ್ ಕಂತಿನಿಂದ ಕಂತಿಗೆ ಸುಧಾರಿಸುವುದೂ ಕಥೆಯೇ. ರಾತ್ರಿ ದೀಪ ಆರಿಸಿ ನೋಡಿ, ಕಿವಿಮಾತು ಹೇಳಿದ ಹಾಗೆ ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು. ಮೊದಲ ಎರಡು ಕಂತು ನಿಧಾನ. ಮೂರನೆಯದರಲ್ಲಿ ಒಂದು ದೋಣಿ ಬರುತ್ತದೆ. ಅದನ್ನು ನೋಡಿದ ಮೇಲೆ ಬಂದು ಬರೆಯಿರಿ, ನಿಮ್ಮ ಮಾತಿಗೆ ಕಾಯುತ್ತಿರುತ್ತೇನೆ.